ಗೇರ್ ಗಾಡಿಯ ಲೈಸೆನ್ಸ್

ನಮ್ಮ ಮನೆಯ ಮಾತು ತುಳು. ಜಗಳ ಮಾತ್ರ ಕನ್ನಡದಲ್ಲಿ. ವಾದ ಮಾಡುವುದನ್ನು ನಾವಿಬ್ಬರೂ ಕಲಿತದ್ದು ಕನ್ನಡ ಶಾಲೆಯಲ್ಲಿ, ಹಾಗಾಗಿ ಸಿಟ್ಟು ಬಂದರೆ ನಾಲಿಗೆ ತಾನಾಗಿ ಆ ಕಡೆಗೆ ಹೊರಳುತ್ತದೆ. ಕಳೆದ ನಾಲ್ಕು ವರ್ಷ ದುಬೈಯ ಅಲ್ ಕುಸೈಸಿನ ನಮ್ಮ ಫ್ಲ್ಯಾಟಿನಲ್ಲಿ ಕೇಳಿಬಂದ ಕನ್ನಡದಲ್ಲಿ ಮುಕ್ಕಾಲು ಪಾಲು ಒಂದು ಕಾರಿನ ಬಗ್ಗೆ.

ಕಾರು ಇಂಗ್ಲಿಷರದ್ದು. ಎರಡೇ ಸೀಟು, ಮಡಚುವ ಬಟ್ಟೆಯ ಮಾಡು, ಕೂತರೆ ರಸ್ತೆಯೇ ತಾಗುತ್ತದೋ ಎನ್ನುವಷ್ಟು ತಗ್ಗು. ಪ್ರಾಯದಲ್ಲಿ ನನಗಿಂತ ಸ್ವಲ್ಪ ದೊಡ್ಡದು. ಅಮೆರಿಕದಲ್ಲಿ ಮಾರಲೆಂದು ಎಡಗಡೆ ಸ್ಟೇರಿಂಗ್ ಇಟ್ಟು ಮಾಡಿದ್ದಂತೆ. ಅಲ್ಲಿಂದ ಹೇಗೋ ದುಬೈಗೆ ಬಂದು, ನನ್ನ ಗಂಡನ ಕಂಪನಿಯ ಇಂಗ್ಲಿಷ್ ಮ್ಯಾನೇಜರನ ವಿಲ್ಲಾದ ಹಿಂದೆ ತಾರ್ಪಾಲು ಹೊದ್ದು ಬಿದ್ದಿತ್ತು. ನನ್ನ ಗಂಡ ಆ ಕಂಪನಿಯಲ್ಲಿ ಸ್ಟೋರ್ ಕೀಪರ್. ಮ್ಯಾನೇಜರ್ ಕೆಲಸ ಮುಗಿಸಿ ತನ್ನ ದೇಶಕ್ಕೆ ಹೊರಟಾಗ, ಬೇಕಾದರೆ ತೆಗೆದುಕೊ, ಇಲ್ಲದಿದ್ದರೆ ಗುಜರಿಯವನು ಒಯ್ಯುತ್ತಾನೆ ಅಂದನಂತೆ. ಮನೆಗೆ ಬಂದು ನನ್ನನ್ನು ಕೇಳುವ ಮೊದಲೇ ಇವರು ತಲೆಯಾಡಿಸಿ ಆಗಿತ್ತು.

ರಾಸ್ ಅಲ್ ಖೋರಿನಲ್ಲಿ ಬಂಟ್ವಾಳ ಕಡೆಯ ಬ್ಯಾರಿಯವರೊಬ್ಬರ ಗ್ಯಾರೇಜ್ ಇದೆ. ನಮಗಿಂತ ಹಿರಿಯರು, ನಾವು ಕಾಕ ಅನ್ನುತ್ತೇವೆ. ಮನೆಯ ಕಾರು ಕೆಟ್ಟಾಗಲೆಲ್ಲ ಹೋಗುವುದು ಅಲ್ಲಿಗೇ. ಅವರು ಶೆಡ್ಡಿನ ಹಿಂದಿನ ಮೂಲೆಯನ್ನು ಬಿಟ್ಟುಕೊಟ್ಟರು. ಹೆಚ್ಚೆಂದರೆ ಆರು ತಿಂಗಳ ಕೆಲಸ ಎಂದುಕೊಂಡಿದ್ದರು, ಪಾಪ. ಕಾರನ್ನು ಅಲ್ಲಿ ಇಳಿಸಿದ ಶನಿವಾರ ನಾನೂ ನೋಡಲು ಹೋಗಿದ್ದೆ. ಕಾಲಿಡುವ ಜಾಗದಲ್ಲಿ ತಗಡನ್ನು ತುಕ್ಕು ತಿಂದು ಕೆಳಗಿನ ಸಿಮೆಂಟು ಕಾಣುತ್ತಿತ್ತು. ವಯರುಗಳನ್ನು ಮುಟ್ಟಿದರೆ ಪುಡಿಯಾಗುತ್ತಿದ್ದವು. ಸೀಟಿನೊಳಗೆ ಯಾವುದೋ ಪ್ರಾಣಿ ಸಂಸಾರ ಮಾಡಿಕೊಂಡಿದ್ದ ಗುರುತಿತ್ತು.

"ಇದನ್ನು ಎಂತ ಮಾಡುದು?" ಅಂದೆ.

"ಓಡಿಸುದು," ಅಂದರು.

ಅಲ್ಲಿಗೆ ನಮ್ಮ ಶನಿವಾರಗಳು ಹೋದವು. ಆಮೇಲೆ ಭಾನುವಾರಗಳೂ ಹೋದವು. ನಾನು ಒಂದು ಇಂಡಿಯನ್ ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ವಾರದ ಐದು ದಿನ ಫೋನು, ಬಸ್ಸು ತಪ್ಪಿಸಿಕೊಂಡ ಮಕ್ಕಳು, ಸಿಡುಕುವ ಅಪ್ಪ ಅಮ್ಮಂದಿರು. ಉಳಿದ ಎರಡು ದಿನ ತುಕ್ಕು. ನೀನು ಮನೆಯಲ್ಲೇ ಇರಬಹುದಿತ್ತಲ್ಲ ಎಂದು ಕೇಳುವವರುಂಟು. ಇದ್ದು ನೋಡಿದೆ. ಇವರು ಊಟ ಮರೆತು ಶುಗರ್ ಇಳಿದು ಕಾರಿನ ಅಡಿಯಲ್ಲೇ ಮಲಗಿದ್ದಾರೆ ಎಂದು ಕಾಕ ಫೋನು ಮಾಡಿದ ಮೇಲೆ ಬುತ್ತಿ ಕಟ್ಟಿಕೊಂಡು ನಾನೂ ಹೊರಡತೊಡಗಿದೆ. ಹೋದವಳು ಸುಮ್ಮನೆ ಕೂರುವುದು ಹೇಗೆ? ಚಕ್ರದ ತಂತಿಗಳನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಒಂದೊಂದಾಗಿ ತಿಕ್ಕಿದೆ. ನಾಲ್ಕು ಚಕ್ರ ತಿಕ್ಕಿ ಮುಗಿಸುವಾಗ ಮೊದಲನೆಯದಕ್ಕೆ ಮತ್ತೆ ಧೂಳು ಕೂತಿರುತ್ತಿತ್ತು.

ಇಂಗ್ಲಿಷ್ ಕಾರಿನ ಬೋಲ್ಟುಗಳು ಇಂಚಿನ ಅಳತೆಯವು, ಗ್ಯಾರೇಜಿನ ಸ್ಪ್ಯಾನರುಗಳು ಮಿಲಿಮೀಟರಿನವು. ಒಂದೂ ಸರಿಯಾಗಿ ಕೂರುತ್ತಿರಲಿಲ್ಲ. ಇಂಚಿನವು ತರಿಸುವ ತನಕ ಇವರು ಬಕೆಟ್ ಮಗುಚಿ ಅದರ ಮೇಲೆ ಕೂತು ಕಾರನ್ನು ಬರೀ ನೋಡಿದರು. ಒಂದು ಭಾಗ ಬರುವುದು, ಅದು ಹೊಂದದೆ ಇರುವುದು, ವಾಪಸು ಕಳಿಸಿ ಮತ್ತೆ ಕಾಯುವುದು. ಕಾರ್ಬ್ಯುರೇಟರಿನ ಚೂರುಗಳನ್ನು ನೆನೆಹಾಕಲು ನನ್ನ ದೋಸೆ ಹಿಟ್ಟಿನ ಪಾತ್ರೆ ಹೋಯಿತು. ಅದನ್ನು ತೊಳೆದು ವಾಪಸು ಅಡುಗೆಮನೆಯಲ್ಲಿಟ್ಟರು ನೋಡಿ, ಅವತ್ತಿನ ಕನ್ನಡ ಪಕ್ಕದ ಫ್ಲ್ಯಾಟಿನ ಮಲಯಾಳಿಗಳಿಗೂ ಅರ್ಥವಾಗಿರಬೇಕು.

ಸೀಟಿಗೆ ಚರ್ಮ ಹಾಕಿಸಲು ಸತ್ವಾದಲ್ಲಿ ಕಾರಿನ ಸೀಟು ಹೊಲಿಯುವವನ ಹತ್ತಿರ ಹೋದೆವು. ಇವರು ಕಪ್ಪು ಬಣ್ಣ ಅಂದರು. ಇಲ್ಲಿನ ಬಿಸಿಲಿಗೆ ಕಪ್ಪು ಚರ್ಮದ ಮೇಲೆ ಕೂತರೆ ಕಾವಲಿಯಿಂದ ದೋಸೆ ಎಬ್ಬಿಸಿದ ಹಾಗೆ ಎಬ್ಬಿಸಬೇಕಾದೀತು ಎಂದೆ. ಕಂದು ಬಣ್ಣವೇ ಆಯಿತು. ಆ ಕಾರಿನಲ್ಲಿ ನನ್ನ ಮಾತು ನಡೆದದ್ದು ಅದೊಂದೇ. ಅವತ್ತು ಚಾ ಕುಡಿಯುತ್ತ ಇವರು, ಮದುವೆಗೆ ಮೊದಲು ಅಲ್ಲೇ ಒಂದು ವಿಲ್ಲಾದಲ್ಲಿ ಹಲವರ ಜೊತೆ ಹಂಚಿಕೊಂಡ ರೂಮಿನಲ್ಲಿದ್ದ ಕಾಲದ ಮಾತು ತೆಗೆದರು. ರಸ್ತೆಯಲ್ಲಿ ಇಂಥ ಕಾರು ಹೋದರೆ ನಿಂತು ನೋಡುತ್ತಿದ್ದರಂತೆ, ಬಸ್ಸು ತಪ್ಪಿದರೂ ನೋಡುತ್ತಿದ್ದರಂತೆ. ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಒಟ್ಟಿಗೆ ಬಾಳಿದ ಮೇಲೂ ಇಂಥದ್ದೊಂದು ಬಾಕಿ ಇಟ್ಟುಕೊಂಡಿದ್ದಾರಲ್ಲ ಎಂದು ಕೋಪವೂ ಬಂತು, ಮರುಕವೂ ಆಯಿತು.

ನಾಲ್ಕನೆಯ ವರ್ಷ ಕಂಪನಿಯವರು ಹೇಳಿದರು, ಅರವತ್ತು ತುಂಬುತ್ತದೆ, ವೀಸಾ ಇನ್ನು ಮುಂದುವರಿಸುವುದಿಲ್ಲ ಎಂದು. ಕರೆದು ಕೂರಿಸಿ ಮರ್ಯಾದೆಯಿಂದಲೇ ಹೇಳಿದರು. ನಾನೂ ಶಾಲೆಗೆ ರಾಜೀನಾಮೆ ಕೊಟ್ಟೆ. ಮಂಗಳೂರಿನಲ್ಲಿ ಫ್ಲ್ಯಾಟ್ ಇದೆ, ಹೋಗುವುದೆಂದು ನಿಶ್ಚಯವಾಯಿತು. ಸುಂಕ, ಕಾಯಿದೆಗಳ ತಾಪತ್ರಯದಿಂದ ಕಾರನ್ನು ಮಾತ್ರ ಊರಿಗೆ ಒಯ್ಯುವ ಹಾಗಿರಲಿಲ್ಲ. ಅಷ್ಟರಲ್ಲಿ ಗ್ಯಾರೇಜಿಗೆ ಬೇರೆ ಕೆಲಸಕ್ಕೆ ಬಂದ ಅಬುಧಾಬಿಯ ಹಿರಿಯ ಅರಬ್ಬಿಯೊಬ್ಬರು ಮೂಲೆಯಲ್ಲಿದ್ದ ಅದನ್ನು ಕಂಡು, ನನಗೆ ಕೊಡುತ್ತೀರಾ ಎಂದು ಕೇಳಿದರು. ಅವರ ಹತ್ತಿರ ಇಂಥವೇ ಹಲವು ಕಾರುಗಳಿದ್ದವು. ಇವರು ಮೂರು ವಾರ ಉತ್ತರ ಕೊಡಲಿಲ್ಲ. ಕೊನೆಗೆ ಒಪ್ಪಿದಾಗ ಒಂದೇ ಮಾತು ಹೇಳಿದರು. ಲಾರಿಯ ಮೇಲೆ ಹೇರಿ ಕಳಿಸುವುದಿಲ್ಲ, ನಾನೇ ಓಡಿಸಿಕೊಂಡು ಬಂದು ನಿಮ್ಮ ಮನೆಯಲ್ಲಿ ಕೀಲಿ ಕೊಡುತ್ತೇನೆ ಎಂದು.

ಆಮೇಲೆ ಮನೆಯಲ್ಲಿ ಬೇರೆ ಮಾತೇ ಇಲ್ಲ. ಯಾವ ರಸ್ತೆಯಲ್ಲಿ ಹೋಗುವುದು, ಎಂಜಿನ್ ಬಿಸಿಯಾದರೆ ಎಲ್ಲಿ ನಿಲ್ಲಿಸುವುದು, ಮಾಡು ಮಡಚಬೇಕೋ ಬೇಡವೋ. ಸಾಮಾನು ಕಟ್ಟುವ ಕೆಲಸ ನನ್ನ ತಲೆಯ ಮೇಲೆ ಬಿತ್ತು. ರಟ್ಟಿನ ಪೆಟ್ಟಿಗೆಗಳ ನಡುವೆ ಕೂತು ಟೇಪು ಹಚ್ಚುತ್ತ, ಒಮ್ಮೆ ಅಬುಧಾಬಿಗೆ ಓಡಿಸಿ ಮುಗಿಸಲಿ, ನನಗೆ ನನ್ನ ಗಂಡ ವಾಪಸು ಸಿಗಲಿ ಎಂದುಕೊಳ್ಳುತ್ತಿದ್ದೆ. ಸುಸ್ತಾಗಿತ್ತು. ಅವರಿಗಿಂತ ಹೆಚ್ಚು ನನಗೆ ಆ ಕಾರು ಮುಗಿಯಬೇಕಿತ್ತು.

ಮುಗಿಯಿತು ಕೂಡ. ಕಡು ಹಸಿರು ಬಣ್ಣ, ಕಂದು ಸೀಟು, ಹೊಳೆಯುವ ಚಕ್ರ. ಕಾಕನೇ ಓಡಿಸಿಕೊಂಡು ಹೋಗಿ ಸರ್ಕಾರದ ತಪಾಸಣೆ ಪಾಸು ಮಾಡಿಸಿಕೊಂಡು ಬಂದರು. ಗ್ಯಾರೇಜಿನ ಅಂಗಳದಲ್ಲಿ ಒಂದು ಸುತ್ತು ಹಾಕಿ ಎಂದು ಅವರು ಎಷ್ಟು ಸಲ ಹೇಳಿದರೂ ಇವರು ಕೂತಿರಲಿಲ್ಲ. ಓಡಿಸುವುದಾದರೆ ರಸ್ತೆಯಲ್ಲೇ ಅನ್ನುತ್ತಿದ್ದರು.

ಇನ್ಶೂರೆನ್ಸಿಗೆ ಇವರ ಲೈಸೆನ್ಸಿನ ಫೋಟೊ ಬೇಕಿತ್ತು. ಕಾಕ ಕಾರ್ಡನ್ನು ಮೇಜಿನ ಮೇಲಿಟ್ಟು ಎದುರಿನದ್ದು ತೆಗೆದರು, ತಿರುಗಿಸಿ ಹಿಂದಿನದ್ದು ತೆಗೆಯಲು ಹೋದವರು ಫೋನನ್ನು ಕೆಳಗಿಟ್ಟರು.

"ಇದೆಂತ ಮಾರಾಯ್ರೆ? ನಿಮ್ಮದು ಆಟೊಮ್ಯಾಟಿಕ್ಕಾ?"

ಇವರು ಕಾರ್ಡನ್ನು ಎತ್ತಿ ಹಿಂದೆಮುಂದೆ ತಿರುಗಿಸಿ ನೋಡಿದರು.

ಇಲ್ಲಿ ಲೈಸೆನ್ಸ್ ಎರಡು ಬಗೆ. ಗೇರ್ ಹಾಕುವ ಗಾಡಿಯಲ್ಲಿ ಪರೀಕ್ಷೆ ಪಾಸಾದವರು ಯಾವ ಕಾರನ್ನೂ ಓಡಿಸಬಹುದು. ಆಟೊಮ್ಯಾಟಿಕ್ಕಿನಲ್ಲಿ ಪಾಸಾದವರು ಅದನ್ನು ಮಾತ್ರ. ಇವರು ಸತ್ವಾದಲ್ಲಿದ್ದಾಗ ಗೇರಿನಲ್ಲೇ ಕಲಿಯಲು ಹೊರಟಿದ್ದರು. ಸಿಗ್ನಲಿನಲ್ಲಿ ಕ್ಲಚ್ ಬಿಡುವಾಗ ಎಂಜಿನ್ ನಿಂತುಹೋಗುವುದು, ಪರೀಕ್ಷೆ ತೆಗೆದುಕೊಳ್ಳುವವನು ಇಳಿ ಅನ್ನುವುದು, ಮತ್ತೆ ಕ್ಲಾಸು, ಮತ್ತೆ ಫೇಲು. ಎಷ್ಟನೆಯ ಸಲಕ್ಕೋ ಸೋತು ಆಟೊಮ್ಯಾಟಿಕ್ಕಿಗೆ ಬದಲಾಯಿಸಿಕೊಂಡರು. ಲೈಸೆನ್ಸ್ ಸಿಕ್ಕಿದ ದಿನ ಇಲ್ಲಿನ ಪದ್ಧತಿಯಂತೆ ವಿಲ್ಲಾದವರಿಗೆಲ್ಲ ಬಿರಿಯಾನಿ ಹಾಕಿಸಿದರು. ನಮ್ಮವರಲ್ಲಿ ಮದುವೆಗೂ ಅಷ್ಟು ಖುಷಿಪಡುವುದಿಲ್ಲ. ಬಿರಿಯಾನಿ ತಿಂದವರಲ್ಲಿ ಯಾರೂ ಯಾವ ಗಾಡಿಯ ಲೈಸೆನ್ಸ್ ಎಂದು ಕೇಳಲಿಲ್ಲ. ಆಮೇಲೆ ಕೊಂಡ ಕಾರುಗಳೆಲ್ಲ ಆಟೊಮ್ಯಾಟಿಕ್, ಗೇರಿನ ಮಾತೇ ಏಳಲಿಲ್ಲ. ಇದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾಲ್ಕು ವರ್ಷ ಒಂದು ಗೇರ್ ಗಾಡಿಯ ತಿರುಪು ತಿರುಪನ್ನೂ ಬಿಚ್ಚಿ ಕಟ್ಟುವಾಗ ಇಬ್ಬರಿಗೂ ನೆನಪಾಗಲಿಲ್ಲ.

"ನಾನು ಬಿಡ್ತೇನೆ ಮಾರಾಯ್ರೆ, ನೀವು ಬದಿಗೆ ಕೂತ್ಕೊಳ್ಳಿ," ಅಂದರು ಕಾಕ. "ಮಾಫಿ ಮುಷ್ಕಿಲ್, ತೊಂದರೆ ಎಂತ ಇಲ್ಲ. ಯಾಕೆ ತಲೆಬಿಸಿ?"

"ಬೇಡ."

"ಹಾಗಾದ್ರೆ ಕ್ಲಾಸಿಗೆ ಸೇರಿ, ಗೇರಿನ ಟೆಸ್ಟ್ ಕೊಡಿ."

"ಅರವತ್ತು ವರ್ಷಕ್ಕೆ ಪುನಃ ಫೇಲಾಗ್ಲಿಕ್ಕೆ ನನ್ನಿಂದ ಆಗುದಿಲ್ಲ ಕಾಕ," ಅಂದರು. "ಖಲಾಸ್. ಲಾರಿಗೆ ಹೇಳಿ."

ಕಾರ್ಡನ್ನು ಜೇಬಿಗೆ ಹಾಕಿಕೊಂಡು ಹೊರಗೆ ಹೋಗಿ ಬಿಸಿಲಿನಲ್ಲಿ ನಿಂತರು. ಬೆನ್ನು ಬಗ್ಗಿತ್ತು. ನನ್ನ ಇಷ್ಟೆಲ್ಲ ಶನಿವಾರ ಭಾನುವಾರಗಳನ್ನು ನುಂಗಿದ ಕಾರು ಲಾರಿಯ ಮೇಲೆ ಹೋಗುವುದಾ? ಪರ್ಸಿನಿಂದ ನನ್ನ ಕಾರ್ಡು ತೆಗೆದು ಕಾಕನ ಮೇಜಿನ ಮೇಲೆ ಹಾಕಿದೆ.

"ನನ್ನದು ಗೇರಿಂದು. ಇದರ ಫೋಟೊ ತೆಗೀರಿ, ನಾನೇ ಬಿಡ್ತೇನೆ," ಅಂದೆ.

ಅದಕ್ಕೂ ಒಂದು ಕತೆ ಇದೆ. ಮದುವೆಯಾಗಿ ಬಂದು ಕೆಲವು ವರ್ಷದ ಮೇಲೆ ನಾನು ಲೈಸೆನ್ಸಿಗೆ ಹೊರಟಾಗ, ನಿನಗೆ ಆಟೊಮ್ಯಾಟಿಕ್ ಸಾಕು, ಗೇರ್ ಹೆಂಗಸರಿಗೆ ಕಷ್ಟ ಅಂದಿದ್ದರು ಇವರು. ಹಾಗೆ ಅಂದ ಒಂದೇ ಕಾರಣಕ್ಕೆ ನಾನು ಗೇರಿಗೆ ಹೆಸರು ಕೊಟ್ಟೆ, ಎರಡನೆಯ ಸಲಕ್ಕೆ ಪಾಸಾದೆ. ಒಂದು ವಾರ ಮನೆಯಲ್ಲಿ ತುಳುವೂ ಇರಲಿಲ್ಲ, ಕನ್ನಡವೂ ಇರಲಿಲ್ಲ. ಪಾಸಾದ ಮೇಲೆ ಗೇರ್ ಗಾಡಿಯನ್ನು ಒಂದು ದಿನವೂ ಮುಟ್ಟಿರಲಿಲ್ಲ. ಈಗ ಇಪ್ಪತ್ತು ವರ್ಷದ ಮೇಲೆ, ಮಂಡಿನೋವಿನ ಕಾಲಿನಲ್ಲಿ, ಗ್ಯಾರೇಜಿನ ಹಿಂದಿನ ಖಾಲಿ ರಸ್ತೆಯಲ್ಲಿ ಎರಡು ಭಾನುವಾರ ಕ್ಲಚ್ ಬಿಡುವುದನ್ನು ಕಲಿತೆ. ಕಾರು ಜಿಗಿಯಿತು, ಕೆಮ್ಮಿತು, ನಿಂತಿತು. ಇವರು ಪಕ್ಕದಲ್ಲಿ ಕೂತು, ಮೆಲ್ಲ ಬಿಡು, ಮೆಲ್ಲ ಬಿಡು ಎನ್ನುತ್ತಿದ್ದರು. ಮೆಲ್ಲ ಬಿಡಲು ಬರುತ್ತಿದ್ದರೆ ನೀವೇ ಬಿಡಬಹುದಿತ್ತಲ್ಲ ಎಂದು ನಾನು ಕನ್ನಡದಲ್ಲಿ ಕೇಳಿದೆ. ಅಂದ ಮೇಲೆ ನನಗೇ ಬೇಸರವಾಯಿತು.

ಚಳಿಗಾಲದ ಒಂದು ಶನಿವಾರ ಬೆಳಿಗ್ಗೆ ಹೊರಟೆವು. ಊರಿನಲ್ಲಿ ಕೆಲಸದಲ್ಲಿರುವ ಮಗಳಿಗೆ ಫೋನು ಮಾಡಿ ವಿಷಯ ಹೇಳಿದರೆ, "ಅಮ್ಮ, ಆರ್ ಯು ಮ್ಯಾಡ್?" ಅಂದಳು. ಹೌದು ಅಂದೆ. ಹೆದ್ದಾರಿಯಲ್ಲಿ ಬಲಬದಿಯ ನಿಧಾನದ ಸಾಲು ಹಿಡಿದೆ. ಲಾರಿಗಳ ಚಕ್ರ ನನ್ನ ತಲೆಗಿಂತ ಎತ್ತರದಲ್ಲಿ ತಿರುಗುತ್ತಿತ್ತು. ಪಕ್ಕದ ಕಾರುಗಳವರು ವೇಗ ಇಳಿಸಿ ಫೋನು ಹಿಡಿದು ವಿಡಿಯೊ ತೆಗೆದರು, ಹೆಬ್ಬೆರಳು ಎತ್ತಿ ತೋರಿಸಿದರು. ನನಗೆ ಅತ್ತಿತ್ತ ನೋಡುವ ಧೈರ್ಯವಿರಲಿಲ್ಲ. ಇವರು ಮಡಿಲಲ್ಲಿ ಎರಡು ಕೈ ಇಟ್ಟುಕೊಂಡು ಸ್ಕೂಲ್ ಬಸ್ಸಿನ ಮಗುವಿನ ಹಾಗೆ ಕೂತಿದ್ದರು. ನಾನು ನಮ್ಮ ಮನೆಯ ಕಾರು ಓಡಿಸುವಾಗ ಪ್ರತಿ ತಿರುವಿನಲ್ಲೂ ಬ್ರೇಕ್, ಬ್ರೇಕ್ ಅನ್ನುವ ಮನುಷ್ಯ ಅವತ್ತು ತುಟಿ ಬಿಚ್ಚಲಿಲ್ಲ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಅರ್ಧ ದಾರಿಯಲ್ಲಿ ಎಂಜಿನ್ನಿಗೂ ನನ್ನ ಮಂಡಿಗೂ ವಿಶ್ರಾಂತಿ ಕೊಡಲೆಂದು ಪೆಟ್ರೋಲ್ ಬಂಕಿನ ಆಚೆಗಿನ ಒಳರಸ್ತೆಯಲ್ಲಿ ನಿಲ್ಲಿಸಿದೆ. ರಸ್ತೆ ನೆಟ್ಟಗೆ ಮರಳಿನ ಕಡೆಗೆ ಹೋಗುತ್ತಿತ್ತು. ಒಂದು ನರಪಿಳ್ಳೆಯೂ ಇರಲಿಲ್ಲ.

"ಬನ್ನಿ, ಈ ಕಡೆ ಕೂತ್ಕೊಳ್ಳಿ," ಅಂದೆ. "ಆ ಕೊನೆಯವರೆಗೆ ಹೋಗಿ ಬನ್ನಿ. ಯಾರು ನೋಡ್ತಾರೆ?"

ಅವರು ರಸ್ತೆಯನ್ನು ತುಂಬ ಹೊತ್ತು ನೋಡಿದರು.

"ಬೇಡ. ಮೂವತ್ತು ವರ್ಷ ಇಲ್ಲಿ ಒಂದು ತಪ್ಪು ಮಾಡ್ಲಿಲ್ಲ. ಹೋಗುವ ಸಮಯದಲ್ಲಿ ಎಂತಕ್ಕೆ?"

ನನಗೆ ಅಳು ಬಂತು, ಸಿಟ್ಟೂ ಬಂತು. ಮೂವತ್ತು ವರ್ಷ ವೀಸಾ ಹೋದೀತು, ಕೆಲಸ ಹೋದೀತು ಎಂದು ಹೆದರಿ ಹೆದರಿ ಸರಿಯಾಗಿ ಬಾಳಿದ ಮನುಷ್ಯ. ಯಾರೂ ಇಲ್ಲದ ಮರಳುಗಾಡಿನಲ್ಲಿ ಸ್ವಂತ ಕಾರನ್ನು ಅರ್ಧ ಮೈಲಿ ಓಡಿಸಲು ಅವರಿಂದ ಆಗಲಿಲ್ಲ. ಬೈಯಲು ಬಾಯಿ ತೆರೆದೆ, ಯಾವ ಭಾಷೆಯಲ್ಲಿ ಬೈಯಬೇಕೆಂದು ತಿಳಿಯಲಿಲ್ಲ.

ಕಣ್ಣೊರೆಸಿಕೊಂಡು ಕಾರು ಹೊರಡಿಸಿದೆ. ಎರಡನೆಯ ಗೇರಿಗೆ ಹಾಕುವಾಗ ಹಲ್ಲು ಮಸೆದಂಥ ಶಬ್ದ ಬಂತು. ಮತ್ತೆ ಹಾಕಿದೆ, ಮತ್ತೆ ಅದೇ ಶಬ್ದ. ಆ ಗೇರ್ ಬಾಕ್ಸನ್ನು ಅವರು ಮೂರು ಸಲ ಬಿಚ್ಚಿ ಜೋಡಿಸಿದ್ದರು. ಆ ಶಬ್ದ ಅವರಿಂದ ಸಹಿಸಲಾಗಲಿಲ್ಲ. ಅವರ ಎಡಗೈ ಬಂದು ನನ್ನ ಕೈಯ ಮೇಲೆ ಕೂತಿತು.

"ಕೈ ತೆಗಿ," ಅಂದರು. "ನೀನು ಕ್ಲಚ್ ಒತ್ತು. ಗೇರ್ ನಾನು ಹಾಕ್ತೇನೆ."

ಒತ್ತಿದೆ. ಬೆಣ್ಣೆಯಲ್ಲಿ ಚೂರಿ ಇಳಿದ ಹಾಗೆ ಗೇರ್ ಬಿತ್ತು. ಮೂರನೆಯದು, ನಾಲ್ಕನೆಯದು. ಮೊದಲು ನಾನು ಹ್ಞಾಂ ಅನ್ನುತ್ತಿದ್ದೆ, ಅವರು ಹಾಕುತ್ತಿದ್ದರು. ಆಮೇಲೆ ಅನ್ನುವುದೂ ಬೇಕಾಗಲಿಲ್ಲ. ಎಂಜಿನ್ನಿನ ದನಿ ಕೇಳಿಯೇ ಅವರಿಗೆ ತಿಳಿಯುತ್ತಿತ್ತು, ಅವರ ಮಣಿಕಟ್ಟು ನೋಡಿ ನನಗೆ ತಿಳಿಯುತ್ತಿತ್ತು. ಅಬುಧಾಬಿಯ ಒಳಗೆ ಸಿಗ್ನಲ್ ಮೇಲೆ ಸಿಗ್ನಲ್ ಬಂದವು. ನಿಲ್ಲಿಸಿದೆವು, ಹೊರಟೆವು, ಒಂದು ಸಲವೂ ಎಂಜಿನ್ ನಿಂತುಹೋಗಲಿಲ್ಲ. ಒಂದು ಸಿಗ್ನಲಿನಲ್ಲಿ ಅವರು ನನ್ನ ಕಡೆ ತಿರುಗಿ ನಕ್ಕರು. ಅಷ್ಟು ವರ್ಷಗಳ ದಣಿವಿನ ನಡುವೆ ನನಗೆ ನಿಜವಾಗಿ ಖುಷಿಯಾಯಿತು. ದಾರಿ ಇನ್ನೂ ಸ್ವಲ್ಪ ಇದ್ದಿದ್ದರೆ ಅನ್ನಿಸಿತು.

ಆ ಅರಬ್ಬಿ ಹಿರಿಯರ ಮನೆ ದೊಡ್ಡ ಆವರಣದ್ದು, ಒಳಗೆ ಖರ್ಜೂರದ ಮರಗಳ ಸುತ್ತ ಕಲ್ಲು ಹಾಸಿದ ದಾರಿ. ಅವರು ಗೇಟಿಗೇ ಬಂದು ಬರಮಾಡಿಕೊಂಡು ಕಾಫಿ ಕೊಟ್ಟರು. ಕಾರಿನ ಸುತ್ತ ಎರಡು ಸಲ ನಡೆದರು. ಹೆಂಗಸು ಓಡಿಸಿಕೊಂಡು ಬಂದದ್ದು ಏಕೆಂದು ಕೇಳಿದರು. ಇವರು ಕೀಲಿ ಕೊಡುತ್ತ ಮುಚ್ಚಿಡದೆ ಹೇಳಿದರು. ಹಿರಿಯರು ನಗಲಿಲ್ಲ. ಕೀಲಿಯನ್ನು ಇವರ ಕೈಗೇ ವಾಪಸು ಕೊಟ್ಟು, ಇದು ನನ್ನ ಮನೆ, ಇಲ್ಲಿ ಲೈಸೆನ್ಸ್ ಕೇಳುವವರಿಲ್ಲ, ಯಲ್ಲಾ, ಹೊರಡಿ, ಒಂದು ಸುತ್ತು ಹಾಕಿ ಅಂದರು.

ನಾನು ಅಷ್ಟರಲ್ಲಿ ಮರದ ಕೆಳಗಿನ ಕಟ್ಟೆಯ ಮೇಲೆ ಚಪ್ಪಲಿ ಬಿಚ್ಚಿ ಮಂಡಿ ನೀವಿಕೊಳ್ಳುತ್ತ ಕೂತಿದ್ದೆ. ಇವರು ಸ್ಟೇರಿಂಗಿನ ಎದುರು ಕೂತು ಎಂಜಿನ್ ಶುರು ಮಾಡಿದರು. ನನ್ನ ಕಡೆ ನೋಡಿದರು. ಅಂತೂ ಆ ಕಾರು ಅವರೊಬ್ಬರದೇ ಆಗುವ ಗಳಿಗೆ ಬಂತು, ನಡುವೆ ನಾನು ಯಾಕೆ ಎಂದುಕೊಂಡು, ಹೋಗಿ ಹೋಗಿ ಎಂದು ಕೈಬೀಸಿದೆ. ಎಂಜಿನ್ ಸ್ವಲ್ಪ ಹೊತ್ತು ಗುರುಗುಟ್ಟಿತು. ಕಾರು ಕದಲಲಿಲ್ಲ. ಅವರು ಕೀಲಿ ತಿರುಗಿಸಿ ಇಳಿದರು, ಹಿರಿಯರ ಕೈಗೆ ಕೊಟ್ಟು ಸಲಾಂ ಹೇಳಿದರು.

ಆ ಮನೆಯ ಡ್ರೈವರ್ ನಮ್ಮನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟ. ದುಬೈ ಬಸ್ಸಿನಲ್ಲಿ ಅಕ್ಕಪಕ್ಕ ಸೀಟು ಸಿಕ್ಕಿತು. ಬಸ್ಸು ಊರು ದಾಟಿತು.

"ಒಂದು ರೌಂಡ್ ಹಾಕ್ಬಹುದಿತ್ತಲ್ಲ," ಅಂದೆ ಕೊನೆಗೆ. "ಯಾಕೆ ಇಳಿದ್ರಿ?"

ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

"ನೀನು ಬರ್ತಿ ಅಂತ ಕಾದೆ," ಅಂದರು. "ನೀನು ಕೈಬೀಸಿದೆ."